ಎಂಟರಿಂದ ಎರಡರವರೆಗೆ

ಹೇಮಾವತಿಗೆ ಮೆಡಿಕಲ್ ಸೀಟು ಸಿಕ್ಕಿತೆಂಬ ಸುದ್ದಿ ಕಂಪ್ಲಿಗೆ ಬಂದ ದಿನ ಶಿಲ್ಪಶ್ರೀ ಎರಡು ಹೊತ್ತು ಉಣ್ಣಲಿಲ್ಲ. ಹೊಟ್ಟೆನೋವೆಂದು ತಾಯಿಗೆ ಹೇಳಿದಳು. ಅದು ಪೂರ್ತಿ ಸುಳ್ಳೇನೂ ಅಲ್ಲ. ಅಸೂಯೆ ಮೊದಲು ಬಿಡಾರ ಹೂಡುವುದು ಅಲ್ಲಿಯೇ.

ಇಬ್ಬರೂ ಹೊಸಪೇಟೆಯ ಕಾಲೇಜಿನಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು, ಒಟ್ಟಿಗೇ ನೀಟ್ ಬರೆದು ಒಟ್ಟಿಗೇ ಸೋತವರು. ಸೋತ ಮೇಲೆ ದಾರಿ ಕವಲೊಡೆಯಿತು. ಶಿಲ್ಪಶ್ರೀ ಬಿ.ಎಸ್ಸಿ. ಸೇರಿದಳು. ಸಂಡೂರಿನ ಹೇಮಾವತಿ, ಕೋಚಿಂಗ್ ಇಲ್ಲದೆ, ತನ್ನ ಮನೆಯಲ್ಲೇ ಓದಿ ಮತ್ತೊಮ್ಮೆ ಬರೆಯುವೆನೆಂದಳು. "ಮನ್ಯಾಗ ಕುಂತು ಡಾಕ್ಟರ್ ಆಗಾಕ ಅದೇನು ಹೂ ಕಟ್ಟದೇನಲೇ?" ಎಂದು ಅಂದು ನಕ್ಕವಳು ಶಿಲ್ಪಶ್ರೀ. ಆ ನಗು ಈಗ ಮೀನಿನ ಮುಳ್ಳಿನಂತೆ ಅವಳದೇ ಗಂಟಲಲ್ಲಿ ಅಡ್ಡ ನಿಂತಿತ್ತು.

ಮೂರನೆಯ ದಿನ ಆಕೆ, ತಾನೂ ಬಿ.ಎಸ್ಸಿ. ಬಿಟ್ಟು ಮನೆಯಲ್ಲೇ ಓದಿ ನೀಟ್ ಬರೆಯುವೆನೆಂದು ತಂದೆಯ ಎದುರು ನಿಂತಳು. ಅಕ್ಕಿ ಗಿರಣಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ ಗುಡ್ಡಪ್ಪ ಮಗಳ ಮಾತನ್ನು ಕೊನೆಯತನಕ ಕೇಳಿದ.

"ಒಂದು ವರ್ಷ. ಎಲ್ಡನೇ ಸಲ ಕೇಳಬ್ಯಾಡ. ಆಗಲಿಲ್ಲಂದ್ರ ಮತ್ತ ಬಿ.ಎಸ್ಸಿ.ಗೆ ಹೋಗಬೇಕು. ಅಳಂಗಿಲ್ಲ."

ಓದುವ ಕ್ರಮವನ್ನು ಅವಳು ತಾನೇ ರೂಪಿಸಿಕೊಳ್ಳಬಹುದಿತ್ತು. ಆದರೆ ಅಸೂಯೆಗೆ ಸ್ವಂತದ ಕೈಬರಹವಿರುವುದಿಲ್ಲ. ಅಭಿನಂದನೆಯ ನಾಲ್ಕು ಸಾಲು ಬರೆದು, ಐದನೆಯ ಸಾಲಿನಲ್ಲಿ ಹೇಮಾವತಿಯ ಟೈಂ ಟೇಬಲ್ ಕೇಳಿದಳು. ಅರ್ಧ ತಾಸಿನಲ್ಲಿ ಫೋಟೋ ಬಂತು. ಬೆಳಗಿನ ನಾಲ್ಕರಿಂದ ಏಳು ಜೀವಶಾಸ್ತ್ರ. ಮೂರರಿಂದ ಐದು ರಸಾಯನಶಾಸ್ತ್ರ. ಐದರಿಂದ ಒಂಬತ್ತು ಭೌತಶಾಸ್ತ್ರ. ನಡುವೆ, ಎಂಟರಿಂದ ಎರಡರವರೆಗೆ, ಏನೂ ಬರೆಯದ ಒಂದು ಬಿಳಿಯ ಚೌಕ.

ಆ ಚೌಕವನ್ನು ಶಿಲ್ಪಶ್ರೀ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಫೋನು ಮಾಡಿ ಕೇಳಿದಳು.

"ಅದಾ? ಖಾಲಿ. ಏನಿಲ್ಲ ಅದ್ರಾಗ," ಎಂದಳು ಹೇಮಾವತಿ.

ನಂಬಿಕೆ ಬರಲಿಲ್ಲ. ಹಗಲಿನ ಆರು ತಾಸನ್ನು ಯಾರು ಖಾಲಿ ಬಿಡುತ್ತಾರೆ? ಗುಟ್ಟಾಗಿ ಯಾರಲ್ಲಿಗೋ ಪಾಠಕ್ಕೆ ಹೋಗಿರಬೇಕು. ಇಲ್ಲವೇ, ಯಾವುದೋ ವಿಡಿಯೋದಲ್ಲಿ ಹೇಳಿದಂತೆ, ಮೆದುಳಿಗೆ ಉದ್ದನೆಯ ವಿಶ್ರಾಂತಿ ಕೊಡುವುದೇ ಗೆಲುವಿನ ಸೂತ್ರವಿರಬೇಕು. ಪಾಠ ಹೇಳುವ ಗುಪ್ತ ಗುರುವನ್ನು ಹುಡುಕಲು ತನಗಾಗದು. ವಿಶ್ರಾಂತಿಯನ್ನಾದರೂ ನಕಲು ಮಾಡಬಹುದು. ಅವಳು ಅದೇ ಗೆರೆ, ಅದೇ ಬಣ್ಣ ಹಾಕಿ ಆ ಹಾಳೆಯನ್ನು ಪ್ರತಿಮಾಡಿ ಮಹಡಿಯ ಕೋಣೆಯ ಗೋಡೆಗೆ ಅಂಟಿಸಿದಳು. ಆ ಬಿಳಿಯ ಚೌಕವನ್ನೂ ಬಿಡಲಿಲ್ಲ.

ಅವಳ ತಾಯಿ ತಾಯಕ್ಕ ಭತ್ತದ ಗದ್ದೆಗೆ ಹೋಗುವ ಕೂಲಿ ಹೆಂಗಸರ ಮೇಸ್ತ್ರಿ. ಕಳೆಗೋ ಕೊಯ್ಲಿಗೋ ನಾಟಿಗೋ ಬೆಳಿಗ್ಗೆ ಹೆಂಗಸರನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಗದ್ದೆಗೆ ಹೋದವಳು ಮರಳುತ್ತಿದ್ದುದು ಸಂಜೆಗೇ. ಅಲ್ಲಿಯವರೆಗೆ ಆ ಮನೆಯಲ್ಲಿ ಗೋಡೆಯ ಗಡಿಯಾರವೊಂದೇ ಮಾತನಾಡುತ್ತಿತ್ತು. ಶಿಲ್ಪಶ್ರೀ ಚಾಪೆಯ ಮೇಲೆ ಅಂಗಾತ ಮಲಗಿ, ಎರಡು ಗಂಟೆಯಾಗುವುದನ್ನು ಕಾಯುತ್ತಿದ್ದಳು. ಸಂಜೆ ಐದಕ್ಕೆ ಅವಳು ಭೌತಶಾಸ್ತ್ರ ತೆರೆಯುವುದಕ್ಕೂ, ಮರುದಿನ ಯಾರು ಯಾರ ಗದ್ದೆಗೆ ಎಂದು ಗೊತ್ತುಮಾಡಿಕೊಳ್ಳಲು ಇಪ್ಪತ್ತು ಹೆಂಗಸರು ಅಂಗಳದಲ್ಲಿ ಸೇರುವುದಕ್ಕೂ ಸರಿಹೋಗುತ್ತಿತ್ತು.

"ಸಣ್ಣಗ ಮಾತಾಡ್ರೇ, ಡಾಕ್ಟ್ರಮ್ಮ ಮ್ಯಾಲೆ ಓದಾಕ ಹತ್ಯಾಳ," ಎಂದು ಅವರಲ್ಲೊಬ್ಬಳಾದ ಎಲ್ಲಮ್ಮ ಎಲ್ಲರಿಗಿಂತ ದೊಡ್ಡದಾಗಿ ಕೂಗುತ್ತಿದ್ದಳು. "ನಾಳೆ ನಮ್ಮ ಸೊಂಟಕ್ಕ ಸೂಜಿ ಚುಚ್ಚಾಕಿ ಆಕೀನ."

"ಹಗಲೆಲ್ಲ ಬಿದ್ಕೊಂಡು, ನಾವು ಬಂದ ಮ್ಯಾಲೆ ಪುಸ್ತಕ ತಗಿತಿಯಲ್ಲ?" ಎಂದು ತಾಯಕ್ಕ ಒಮ್ಮೆ ಕೇಳಿದಳು.

"ಸೀಟು ಬಂದ ಟೈಂ ಟೇಬಲ್ ಅವ್ವಾ ಅದು. ನಿನಗ ತಿಳಿಯಂಗಿಲ್ಲ."

ಮಾದರಿ ಪರೀಕ್ಷೆಗಳಲ್ಲಿ ಅಂಕಗಳು ತಿಂಗಳಿಂದ ತಿಂಗಳಿಗೆ ಇಳಿದವು. ಬೇಸಗೆಯ ಬಾವಿಯ ನೀರಿನಂತೆ ಅವು ಸದ್ದಿಲ್ಲದೆ ತಳ ಸೇರುತ್ತಿದ್ದವು. ತಂದೆ ಕೊಟ್ಟ ವರ್ಷದಲ್ಲಿ ನಾಲ್ಕೇ ತಿಂಗಳು ಉಳಿದಿತ್ತು. ತಪ್ಪು ಎಲ್ಲೆಂದು ಅವಳಿಗೆ ಅನುಮಾನವೇ ಇರಲಿಲ್ಲ: ಹೇಮಾವತಿ ಆ ಚೌಕದಲ್ಲಿ ಏನನ್ನೋ ಬಚ್ಚಿಟ್ಟಿದ್ದಾಳೆ. ಸಂಕ್ರಾಂತಿಯ ರಜೆಗೆ ಆಕೆ ಊರಿಗೆ ಬಂದಿರುವುದು ತಿಳಿದದ್ದೇ ತಡ, ಹೇಳದೆ ಕೇಳದೆ ಬಸ್ಸು ಹತ್ತಿದಳು. ಪ್ರವಾಸಿಗರು ಹಂಪಿಯ ತಿರುವಿನಲ್ಲಿ ಇಳಿದುಹೋದ ಮೇಲೆ ಬಸ್ಸು ಹಗುರಾಯಿತು, ಅವಳು ಆಗಲಿಲ್ಲ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಸಂಡೂರು ತಲುಪಿದಾಗ ಹನ್ನೊಂದು ಗಂಟೆ.

ಹೇಮಾವತಿ ಹೊಸ್ತಿಲ ಹೊರಗೆ, ಗೋಡೆಯ ನೆರಳಿನಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಗೆಳತಿಯನ್ನು ಕಂಡು ಮುಖ ಅರಳಿತು, ಆದರೆ ತುಟಿಯ ಮೇಲೆ ಬೆರಳು ಬಂತು.

"ಮೆಲ್ಲಕ. ಒಳಗ ಅಪ್ಪ ಮಲಗ್ಯಾನ. ಇಲ್ಲೇ ಕುಂದ್ರು."

ಅರೆತೆರೆದ ಬಾಗಿಲಿನಿಂದ ಶಿಲ್ಪಶ್ರೀ ಇಣುಕಿದಳು. ಮನೆಯೆಂದರೆ ಒಂದೇ ಕೋಣೆ. ಅದರ ಅರ್ಧವನ್ನು ಮಂಚ ನುಂಗಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅವಳಪ್ಪ ಹುಲಿಗೇಶ ತೋಳಿನಿಂದ ಕಣ್ಣು ಮುಚ್ಚಿಕೊಂಡು ಮಲಗಿದ್ದ.

"ದಿನಾ ಹಿಂಗನಾ?"

"ಎಲ್ಡು ವರ್ಷದಿಂದ ನೈಟ್ ಶಿಫ್ಟೇ. ಏಳಕ್ಕ ಬರ್ತಾನ, ಎಂಟಕ್ಕ ಮಲಗ್ತಾನ, ಎಲ್ಡಕ್ಕ ಏಳ್ತಾನ."

"ನಿನ್ನ ಪುಸ್ತಕ?"

ಹೇಮಾವತಿ ಗದ್ದದಿಂದಲೇ ತೋರಿಸಿದಳು. "ಮಂಚದ ಬುಡಕ ಟ್ರಂಕ್ ಐತಲ್ಲ, ಅದ್ರಾಗ. ಎಳದ್ರ ನೆಲದ ಕಲ್ಲಿನ ಮ್ಯಾಲೆ ಕಿರ್ ಅಂತೈತಿ. ಅಪ್ಪಗ ನಿದ್ದಿ ಕೆಟ್ರ ರಾತ್ರಿ ಫರ್ನೇಸ್ ಮುಂದ ತೂಕಡಿಸ್ತಾನ. ನಾ ಮುಟ್ಟತಿರ್ಲಿಲ್ಲ."

"ಮುಂಜಾಲೆ ತಗದು ಹೊರಗ ಇಟ್ಕಬೇಕಿತ್ತಲ್ಲ?"

"ಹೊರಗ ಎಲ್ಲಿ ಇಡ್ಲಿ? ಈ ಅದಿರಿನ ಧೂಳು ನೋಡೀ ಏನು? ಎಲ್ಲಾ ಬ್ಯಾರೆಯವರತ್ರ ಕಡ ತಂದ ಪುಸ್ತಕ." ಹೇಮಾವತಿ ಒಂದು ಕಲ್ಲು ಹೆಕ್ಕಿ ಬೀದಿಗೆಸೆದಳು. "ಖಾಲಿ ಅಂತ ಹೇಳಿದ್ನಲ್ಲ ನಿನಗ."

ಶಿಲ್ಪಶ್ರೀ ಪಕ್ಕದಲ್ಲಿ ಕುಳಿತು ತಾನೂ ಮೊರಕ್ಕೆ ಕೈಹಾಕಿದಳು.

"ಹಿಂಗ ಅಕ್ಕಿ ಆರಿಸಿಕೊಂತ ನಿಮ್ಮ ಮನಿ ಮ್ಯಾಲಿನ ಖೋಲಿ ನೆನಸ್ತಿದ್ದೆ," ಎಂದಳು ಹೇಮಾವತಿ, ಮೊರದಿಂದ ಕಣ್ಣೆತ್ತದೆ. "ಅಂಥ ಖೋಲಿ ಇಟ್ಕೊಂಡು ಆಕಿ ಬಿ.ಎಸ್ಸಿ. ಕ್ಲಾಸಿನಾಗ ಆಕಳಿಸಾಕ ಹತ್ಯಾಳಲ್ಲ ಅಂತ ಬೈತಿದ್ದೆ."

"ಯಾರಿಗೆ, ನನಗಾ?"

"ಮತ್ತ್ಯಾರಿಗೆ? ದಿನಾ ಬೈತಿದ್ದೆ. ಊಟ ತಪ್ಪಿದ್ರೂ ಅದು ತಪ್ತಿರ್ಲಿಲ್ಲ."

ಇಬ್ಬರೂ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಆದರೆ ನಗು ಮುಗಿದ ಮೇಲೂ ಶಿಲ್ಪಶ್ರೀಯ ಎದೆ ತಣ್ಣಗಾಗಲಿಲ್ಲ. ಗುಟ್ಟೊಂದಿದ್ದರೆ ಚೆನ್ನಾಗಿತ್ತು, ಅದನ್ನು ದೂರಬಹುದಿತ್ತು. ದಿನಕ್ಕೆ ಆರು ತಾಸು ಕಡಿಮೆಯಿದ್ದೂ ಗೆದ್ದವಳನ್ನು ಯಾವ ನೆಪದಿಂದ ಕಿರಿದು ಮಾಡುವುದು?

ಮರಳುವಾಗ ಹೊಸಪೇಟೆಯ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತ ನೋಟ್‌ಬುಕ್ ತೆರೆದಳು. ತನ್ನದೇ ಟೈಂ ಟೇಬಲ್ಲಿಗೆ ಗೆರೆ ಎಳೆದಳು. ಮೊದಲ ಚೌಕದಲ್ಲಿ ಎಷ್ಟು ಗಂಟೆಯೆಂದು ಬರೆಯಬೇಕು? ಸಂಡೂರಿನ ಒಂದು ಕೋಣೆಯ ಗಳಿಗೆಗಳನ್ನು ಬಾಯಿಪಾಠ ಮಾಡಿದವಳಿಗೆ ತನ್ನ ಮನೆಯದು ತೋಚಲಿಲ್ಲ. ಗದ್ದೆಯಲ್ಲಿದ್ದ ತಾಯಿಗೆ ಫೋನು ಮಾಡಿದಳು.

"ಅವ್ವಾ, ನೀವು ದಿನಾ ಮನಿ ಬಿಡದು ಸರಿಯಾಗಿ ಎಷ್ಟಕ್ಕ?"

"ಹತ್ತೊಂಬತ್ತು ವರ್ಷ ಆ ಮನ್ಯಾಗ ಉಂಡಾಕಿ ನನ್ನ ಕೇಳ್ತಿಯೇನು?" ಹಿಂದೆ ಹೆಂಗಸರ ನಗು ಕೇಳಿಸಿತು. "ಏಳೂವರಿಗೆ ಟಂಟಂ ಬರ್ತೈತಿ. ನಿಮ್ಮಪ್ಪ ಎಂಟಕ್ಕ ಹೋಗ್ತಾನ. ನಾವು ಬರದು ಐದಕ್ಕ. ಇದು ನಾಟಿ ಮುಗಿಯತನಕ ಮಾತ್ರ ಮತ್ತ. ಆಮ್ಯಾಲೆ ನಾನೂ ಮನ್ಯಾಗ ಇರ್ತೀನಿ, ಆವಾಗ ಬ್ಯಾರೆ ನೋಡ್ಕೊಬೇಕು. ಯಾಕ ಕೇಳ್ತಿ?"

"ಬರ್ಕಣಾಕ."

"ಬರ್ಕ, ಬರ್ಕ. ಸಂಜಿಗೆ ಪುಸ್ತಕ ಮುಚ್ಚಿಟ್ಟು ಚಾ ಕಾಸು. ಇಪ್ಪತ್ತು ಮಂದಿಗೆ ನಾನೊಬ್ಬಾಕಿ ಕಾಸಬೇಕು."

ಅವಳು ಬರೆದುಕೊಂಡಳು. ಎಂಟರಿಂದ ಹನ್ನೊಂದು ಭೌತಶಾಸ್ತ್ರ. ಹೆದರಿಕೆ ಹೆಚ್ಚಿದ್ದುದು ಅದರದೇ. ಅರ್ಧ ತಾಸು ಬಿಡುವು. ಎರಡೂವರೆಯವರೆಗೆ ರಸಾಯನಶಾಸ್ತ್ರ. ಐದರವರೆಗೆ ಜೀವಶಾಸ್ತ್ರ. ಆಮೇಲೆ ಚಹ. ಪ್ರತಿಯೊಂದು ಸಾಲು ಬರೆಯುವಾಗಲೂ ಹೇಮಾವತಿಗಿಂತ ತನಗೆಷ್ಟು ಹೆಚ್ಚು ದಕ್ಕಿತೆಂದು ಮನಸ್ಸು ಅಳೆಯುತ್ತಲೇ ಇತ್ತು. ಅದನ್ನು ಅವಳು ತಡೆಯಲು ಹೋಗಲಿಲ್ಲ. ನಾಟಿ ಮುಗಿದ ನಂತರದ ವಾರಗಳಿಗಾಗಿ ಮುಂದಿನ ಪುಟದಲ್ಲಿ ಬೇರೆಯೇ ಗೆರೆ ಎಳೆಯತೊಡಗಿದಾಗ ಕಂಪ್ಲಿಯ ಬಸ್ಸು ಬಂತು.