ಲೋಕದ ಹಾಡು

ಶವದ ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿಕೊಂಡಿದ್ದಷ್ಟೇ, ಚರ್ಚಿನ ಬಾಗಿಲಲ್ಲಿ ಐದಾರು ಹೆಂಗಸರು ಏದುಸಿರು ಬಿಡುತ್ತ ಎದುರಾದರು. ಎಲ್ಲರ ಮೈಮೇಲೂ ಆಸ್ಪತ್ರೆ ಲಾಂಡ್ರಿಯ ನೀಲಿ ಅಂಗಿ.

"ತಡ ಆಯ್ತು ಪಾಸ್ಟರೇ, ಎರಡು ಗಂಟೆ ಪರ್ಮಿಷನ್ ತಗೊಳ್ಳೋಕೇ ಸಾಕಾಯ್ತು," ಎಂದಳು ಮುಂದಿದ್ದ ದಪ್ಪನೆಯ ಹೆಂಗಸು, ಅವರ ಮೇಸ್ತ್ರಿ. "ಮಣ್ಣು ಹಾಕೋ ಮುಂಚೆ ನಾವು ಅಕ್ಕನ ಹಾಡು ಒಂದು ಹಾಡ್ಬಹುದಾ?"

"ಯಾವ ಕೀರ್ತನೆ?"

"ಕೀರ್ತನೆ ಅಲ್ಲ. ದೋಣಿಗೆ ಕಾಯೋಳ ಹಾಡು. ದಿನಾ ಹಾಡೋಳು. ಅಷ್ಟೂ ಮಷೀನಿನ ಗಲಾಟೆಲೂ ಅವಳ ಗಂಟಲು ಆ ತುದಿಗೆ ಕೇಳ್ತಿತ್ತು."

ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟಿದ್ದ, ಸತ್ತವಳ ಅಣ್ಣನಿಗೆ ಹೆಜ್ಜೆ ತಪ್ಪಿದಂತಾಯಿತು. ಮೂವತ್ತು ವರ್ಷದಿಂದ ತಂಗಿ ಹಾಡಿದ್ದನ್ನು ಅವನು ಕೇಳಿರಲಿಲ್ಲ. ಭಾನುವಾರ ತಪ್ಪದೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಸಭೆಯೆಲ್ಲ ಎದ್ದು ಹಾಡುವಾಗ ಅವಳೂ ಏಳುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿರಲಿಲ್ಲ. ಹಾಡುವುದನ್ನೇ ಬಿಟ್ಟಿದ್ದಾಳೆಂದು ಅವನು ತಿಳಿದಿದ್ದ.

ಪಾಸ್ಟರು ಇನ್ನೂ ಹೊಸಬರು. "ನನ್ನದೇನೂ ಅಡ್ಡಿಯಿಲ್ಲ. ನೀವು ಹೇಳಿದ ಹಾಗೆ," ಎಂದು ಅವನ ಮುಖ ನೋಡಿದರು.

"ಇಲ್ಲಿ ಬೇಡ," ಎಂದ. ಯೋಚಿಸಿ ಹೇಳಿದ್ದಲ್ಲ; ರೂಢಿಯ ಮೇಲೆ ನಾಲಿಗೆ ತಾನೇ ಹೇಳಿಬಿಟ್ಟಿತು.

"ಆಗ್ಲಿ ಬಿಡಿ ಸರ್." ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

*

ಮೂವತ್ತು ವರ್ಷದ ಹಿಂದೆ ಅವನಿಗೆ ಇಪ್ಪತ್ತಾರು, ಚರ್ಚಿನ ಹಾಡಿನ ತಂಡ ಕ್ವಾಯರಿನ ಹೊಣೆ ಹೊತ್ತು ಮೂರು ತಿಂಗಳಾಗಿತ್ತು. ತಂಗಿಗೆ ಇಪ್ಪತ್ತೆರಡು, ಇಡೀ ಕ್ವಾಯರಿಗೆ ಅವಳ ಗಂಟಲೇ ಆಧಾರ. ಗೆಳತಿಯ ಮದುವೆಯಲ್ಲಿ ಅವಳು ಆ ದೋಣಿಯ ಹಾಡು ಹಾಡಿದ ಸುದ್ದಿ ಚರ್ಚಿಗೆ ಮುಟ್ಟಿತು. ಹಿರಿಯರು ಅವನನ್ನು ಕರೆಸಿದರು. "ಮನೇಲಿ ತಂಗೀನೇ ಹದ್ದುಬಸ್ತಲ್ಲಿ ಇಡೋಕಾಗದೋನು ಕ್ವಾಯರ್ ಏನು ನಡೆಸ್ತೀಯಪ್ಪ?"

ಅಲ್ಲಿಂದ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಲೋಕದ ಹಾಡು ಹಾಡೋ ಬಾಯಲ್ಲಿ ದೇವರ ಹಾಡು ಬೇಡ. ಎರಡರಲ್ಲಿ ಒಂದು ಬಿಡು."

ಅವಳು ಪಾತ್ರೆ ಉಜ್ಜುತ್ತಿದ್ದಳು. "ಅದರಲ್ಲೇನು ತಪ್ಪಿದೆ ಅಣ್ಣಾ? ಒಬ್ಬಳು ಒಬ್ಬನಿಗೆ ಕಾಯ್ತಾಳೆ, ಅಷ್ಟೇ."

"ದೇವರ ಹೆಸರಿದೆಯಾ ಅದರಲ್ಲಿ?"

"ಈ ಪಾತ್ರೆ ಮೇಲೂ ಇಲ್ಲ. ಹಾಗಂತ ಊಟ ಬಿಟ್ಟಿದ್ದೀಯಾ?"

ಅವನಿಗೆ ನಗು ಬಂತು. ನುಂಗಿಕೊಂಡ. ರೇಡಿಯೋದ ಮುಂದೆ ಕೂತು ಆ ಹಾಡು ಕಲಿತದ್ದು ಇಬ್ಬರೂ. ಅದನ್ನವಳು ಎತ್ತಿ ಆಡಲಿಲ್ಲ. ಆಡಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತೇನೋ. ಕೈ ಒರೆಸಿಕೊಂಡು ಒಳಗೆ ಹೋದಳು, ತನ್ನ ಕೀರ್ತನೆ ಪುಸ್ತಕ ತಂದು ಅವನ ಕೈಗೆ ಕೊಟ್ಟಳು.

"ತಗೋ. ನಿನ್ನ ಮರ್ಯಾದೆ ಉಳೀಲಿ."

*

ಗುಂಡಿಯ ಸುತ್ತ ಕ್ವಾಯರ್ ಹಾಡಿತು. ಅವನೇ ಮುಂದೆ ನಿಂತು ತಾಳಕ್ಕೆ ಕೈಯಾಡಿಸಿದ. ಮಣ್ಣು ಹಾಕಿದ ಮೇಲೆ ಸಭೆಯ ಮುದುಕಿಯೊಬ್ಬಳು ಮೂಗೊರೆಸಿಕೊಂಡಳು.

"ಎಂಥ ಮೌನಿ! ಇದ್ದಳೋ ಇಲ್ಲವೋ ಅನ್ನೋ ಹಾಗೆ ಇದ್ದು ಹೋದ್ಲು."

"ಯಾರು, ಅಕ್ಕನಾ?" ಮೇಸ್ತ್ರಿ ತಿರುಗಿದಳು. "ನಮ್ಮಲ್ಲಿ ಅವಳ ಬಾಯಿಗೆ ಬ್ರೇಕೇ ಇರ್ಲಿಲ್ಲ ಅಜ್ಜಿ. ಹೊಸಬರು ಇಸ್ತ್ರಿಗೆ ಕೈ ಸುಟ್ಕೊಂಡು ಅತ್ರೆ ಪಕ್ಕದಲ್ಲಿ ನಿಂತು ನಗು ಬರೋವರೆಗೂ ಹಾಡೋಳು."

ನೀಲಿ ಅಂಗಿಗಳು ಗೇಟು ದಾಟಿದವು. ಸಂತಾಪ ಹೇಳಲು ಬಂದವರ ಕೈ ಬಿಡಿಸಿಕೊಂಡು ಅಣ್ಣ ಬಸ್ ಸ್ಟಾಪಿನವರೆಗೆ ಓಡುನಡಿಗೆಯಲ್ಲಿ ಹೋದ.

"ಅಮ್ಮಾ, ಆ ಹಾಡು... ಈಗ ಹಾಡ್ತೀರಾ?"

ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ ಯಾರಿಗೆ ಸರ್?"

ಅವನು ತಲೆ ತಗ್ಗಿಸಿದ. ಅವಳಿಗೇ ಪಾಪ ಅನ್ನಿಸಿತೇನೋ. "ನಮಗೆ ಬರೋದೂ ಪಲ್ಲವಿ ಒಂದೇ. ಚರಣ ಹೇಳ್ಕೊಡು ಅಂದ್ರೆ, 'ಅದು ನಮ್ಮಣ್ಣಂದು, ಅವನೇ ಹಾಡ್ಬೇಕು' ಅನ್ನೋಳು."

ಅಣ್ಣ ಗಂಟಲು ಸರಿಮಾಡಿಕೊಂಡ. ಚರಣದ ಮೊದಲ ಸಾಲು ಒಡಕು ದನಿಯಲ್ಲಿ ಬಂತು. ಎರಡನೆಯದು ತುಸು ನೆಟ್ಟಗೆ ಬಂತು. ಹೆಂಗಸರು ಹತ್ತಿರ ಸರಿದು ಕಿವಿಗೊಟ್ಟರು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಪರ್ಮಿಷನ್ ಮುಗಿಯುತ್ತಿತ್ತು, ಒಬ್ಬೊಬ್ಬರೇ ಹತ್ತಿದರು. ಮೇಸ್ತ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಆಮೇಲೆ ಸರ್? ಆಮೇಲೇನು?"

ಬಸ್ಸು ಹೊರಟಿತು. ಅವನು ಅದರ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದ, ಕಿಟಕಿಯ ಕಡೆಗೆ ಮುಖ ಎತ್ತಿ, ಬಾಯಿ ತೆರೆದುಕೊಂಡು. ಮೂರನೆಯ ಸಾಲು ನೆನಪಿಗೆ ಬರಲಿಲ್ಲ.