ಬಾಲವಿಲ್ಲದ ಹೊಗಳಿಕೆ

ಕಂಪನಿಯ ಅನುವಾದಕ ಇಂಗ್ಲಿಷ್ ಪತ್ರವನ್ನು ಎಂದೂ ಮೊದಲಿನಿಂದ ಓದಿದವನಲ್ಲ. ನೇರವಾಗಿ ‘ಹೌಎವರ್’ ಹುಡುಕಿ, ‘ಆದರೆ’ ಎಂದು ಬರೆದು, ಕೆಲಸ ಅಲ್ಲಿಂದಲೇ ಶುರುಮಾಡುತ್ತಿದ್ದ. ಅದಕ್ಕೂ ಮುಂಚಿನ ಹೊಗಳಿಕೆಯೆಲ್ಲ ಮೂಗಿಗೆ ಸವರಿದ ತುಪ್ಪ ಎಂಬುದು ಅವನ ಸಿದ್ಧಾಂತ.

ಒಂದು ಭಾನುವಾರ ಮನೆಯ ಅಡುಗೆ ಅವನ ಪಾಲಿಗೆ ಬಂತು. ಹೆಂಡತಿ ಒಂದು ತುತ್ತು ಬಾಯಿಗಿಟ್ಟು, “ಚೆನ್ನಾಗಿದೆ ಕಣ್ರೀ” ಎಂದಳು.

ಅವನು ಮುಂದಿನ ಮಾತಿಗೆ ಕಾದ. ಅವಳು ಉಣ್ಣುತ್ತಲೇ ಇದ್ದಳು.

“ಆದ್ರೆ?” ಎಂದ.

“ಆದ್ರೆನೂ ಇಲ್ಲ, ಗೀದ್ರೆನೂ ಇಲ್ಲ. ಊಟ ಮಾಡಿ.”

ಬಾಲವಿಲ್ಲದ ಹೊಗಳಿಕೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಬೀಗುತ್ತ ತಾನೂ ಒಂದು ತುತ್ತು ತಿಂದ.

“ಉಪ್ಪೇ ಇಲ್ವಲ್ಲೇ ಇದ್ರಲ್ಲಿ.”

“ಆದ್ರೆ ಅನ್ನೋದು ನಿಮ್ಮ ಕಸುಬಲ್ವಾ, ನಿಮಗೇ ಬಿಟ್ಟೆ” ಎಂದು ಅವಳು ಉಪ್ಪಿನ ಡಬ್ಬಿಯನ್ನು ಅವನತ್ತ ತಳ್ಳಿದಳು.