ಕಮಲಾಬಾಯಿ ಒತ್ತಿದ ಗುಂಡಿ

ಏಕಸಂಬಿಯ ಕಮಲಾಬಾಯಿಯವರ ಹಿತ್ತಲಿನ ನೀರಿನ ಟಾಕಿ ತುಂಬಿ ಹರಿದರೆ, ದೂಧಗಂಗಾ ನದಿಯೇ ದಾರಿ ತಪ್ಪಿ ಊರೊಳಗೆ ಬಂದಿತೇನೋ ಅನ್ನಿಸುತ್ತಿತ್ತು. ಆ ನೀರು ನೇರವಾಗಿ ಪಕ್ಕದ ಲಗಮಣ್ಣನ ಅಂಗಳಕ್ಕೆ ನುಗ್ಗುತ್ತಿತ್ತು. ಅಲ್ಲಿ ಅವನು ತಂಬಾಕಿನ ಎಲೆ ಒಣಗಲು ಹರಡಿರುತ್ತಿದ್ದ.

ಇದು ಸಾವಿರದ ಒಂಬೈನೂರ ತೊಂಬತ್ತೆರಡರ ಸುಮಾರಿನ ಮಾತು. ಆಗ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆಯೇ ಮೋಟಾರಿನ ಸ್ವಿಚ್ ಹಾಕಿ ಬಿಡುತ್ತಿದ್ದರು. ಕರೆಂಟ್ ಬಂದಾಗ ಮೋಟಾರು ತಾನೇ ಓಡುತ್ತಿತ್ತು. ಅದು ಬರುತ್ತಿದ್ದದ್ದು ಹೆಚ್ಚಾಗಿ ಸಂಜೆ, ಮನೆಯವರು ಊಟಕ್ಕೆ ಕೂತ ಹೊತ್ತಿನಲ್ಲೇ. ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅದರ ಮೇಲೆ ಕಮಲಾಬಾಯಿಯವರದು ಇನ್ನೊಂದು ವ್ರತ: ಊಟಕ್ಕೆ ಕೂತರೆ ಮಾತಾಡುವಂತಿಲ್ಲ, ಮುಗಿಯದೆ ಏಳುವಂತಿಲ್ಲ.

ಒಂದು ಸಂಜೆ ಅವರು ಹಿತ್ತಲ ಬಾಗಿಲಿಗೆ ಮುಖ ಮಾಡಿ ಊಟಕ್ಕೆ ಕೂತಿದ್ದರು. ಟಾಕಿ ಅಂಚಿನವರೆಗೆ ತುಂಬಿದ್ದು ಕಂಡಿತು. ಸೊಸೆ ಕಾಶಿಬಾಯಿಗೆ ಕೈ ಮೇಲೆತ್ತಿ ತೋರಿಸಿದರು. ಸೊಸೆ ಅನ್ನ ಬಡಿಸಿದಳು. ಕೈಯಿಂದ ನೀರು ಸುರಿದ ಹಾಗೆ ಮಾಡಿದರು. ಮಜ್ಜಿಗೆ ಬಂತು. ಕಣ್ಣು ದೊಡ್ಡದು ಮಾಡಿದರು. ಉಪ್ಪು ಬಂತು. ತಟ್ಟೆಯಲ್ಲಿ ಅನ್ನ ಬೆಟ್ಟದಷ್ಟಾಗಿ, ಆ ಕಡೆ ಕೂತಿದ್ದ ಮೊಮ್ಮಗಳು ರಾಜಮತಿ ಕಾಣದಂತಾಯಿತು. ಅಷ್ಟರಲ್ಲಿ ಟಾಕಿ ತುಂಬಿ ಹರಿದು, ಹೊರಗಿನಿಂದ ಲಗಮಣ್ಣನ ದನಿ ಕೇಳಿಸಿತು.

"ಕಮಲಾಬಾಯಾರ, ತಂಬಾಕ ಒಣಗಸಾಕ ಹಾಕೀನ್ರಿ, ನೆನಿಯಾಕ ಅಲ್ಲ. ಎರಡನೇ ಸಲ ಆತಿದು. ಇನ್ನೊಮ್ಮಿ ಹಿಂಗಾದ್ರ ಈ ವರ್ಷದ ದುಡಿಮಿ ಎಲ್ಲಾ ಕೊಳೀತೈತಿ. ಆಮ್ಯಾಲ ನಿಮಗೂ ನಮಗೂ ಮಾತಿಲ್ಲ."

ಕಮಲಾಬಾಯಿ ಆ ಬೆಟ್ಟವನ್ನೆಲ್ಲ ಉಂಡು ಮುಗಿಸಿಯೇ ಏಳಬೇಕಾಯಿತು.

ರಾಜಮತಿ ಏಳನೇ ಇಯತ್ತೆಯಲ್ಲಿ ಓದುವ ಹುಡುಗಿ. ಅವಳ ಬಳಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಅದರಲ್ಲಿ ಹಳೆಯ ಸೆಲ್ಲು, ಕೈಬ್ಯಾಟರಿಯ ಬಲ್ಬು, ತುಂಡು ವಾಯರು, ತಗಡಿನ ಪಟ್ಟಿ. ಬಸ್ ಸ್ಟ್ಯಾಂಡಿನ ರೇಡಿಯೊ ರಿಪೇರಿ ಗುರಪ್ಪ ಬೇಡವಾದದ್ದನ್ನೆಲ್ಲ ಅವಳಿಗೆ ಕೊಡುತ್ತಿದ್ದ. ಆದರೆ ಆ ಡಬ್ಬಿ ಈಗ ಅಜ್ಜಿಯ ಟ್ರಂಕಿನೊಳಗೆ ಬೀಗದಲ್ಲಿತ್ತು.

ರಾಜಮತಿ ಅಜ್ಜಿಯನ್ನು ಕೇಳಿದಳು: "ಆಯಿ, ನನ್ನ ಡಬ್ಬಿ ಕೊಡು. ಟಾಕಿ ತುಂಬಿದ್ರ ಅಡಗಿಮನ್ಯಾಗ ಸಪ್ಪಳ ಆಗೂ ಹಂಗ ಮಾಡ್ತೀನಿ."

"ಸುಮ್ಕಿರು. ಹೊಲದಾಗ ಕರೆಂಟ್ ಹೊಡದು ನಮ್ಮ ಎತ್ತು ನಿಂತಲ್ಲೇ ಬಿತ್ತು. ನಾ ಕಣ್ಣಾರೆ ನೋಡೀನಿ. ನಿನ್ನೂ ಹಂಗ ನೋಡ್ಲೇನು?"

ಮರುದಿನ ರಾಜಮತಿ ಗುರಪ್ಪನನ್ನೇ ಮನೆಗೆ ಕರೆತಂದಳು. ಅವನು ಎರಡು ಸೆಲ್ಲಿನ ವಾಯರುಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಕೂತ.

"ನಿಮ್ಮ ಮಾತು ಖರೇನ್ರಿ ಬಾಯಾರ. ಗ್ವಾಡಿ ಕರೆಂಟ್, ಮೋಟಾರಿನ ಕರೆಂಟ್ ಜೀವಾ ತಗೀತೈತಿ. ಅದರ ಸನೇಕ ಹುಡುಗೂರು ಹೋಗಬಾರ್ದು. ಆದ್ರ ಇದು ಎರಡು ಸೆಲ್ಲಿಂದು. ನೀವು ಕತ್ತಲದಾಗ ಹಿಡಕೊಂಡು ಹೋಗೂ ಬ್ಯಾಟರ್‍ಯಾಗ ಇರೂದು ಇದ. ಅದು ಯಾವತ್ತರ ನಿಮಗ ಹೊಡದೈತೇನು?"

"ಇಲ್ಲ."

"ಮತ್ತ? ನೋಡ್ರಿ, ಇಷ್ಟೊತ್ತು ಹಿಡಕೊಂಡ ಕುಂತೀನಿ. ಸತ್ತೀನೇನು?"

"ನೀ ಸಾಯೂ ಪೈಕಿ ಅಲ್ಲ ಬಿಡು" ಎಂದರು ಕಮಲಾಬಾಯಿ. ಆದರೂ ಹೆದರುತ್ತ ವಾಯರು ಮುಟ್ಟಿ ನೋಡಿದರು. ಏನೂ ಆಗಲಿಲ್ಲ. ಟ್ರಂಕಿನ ಬೀಗ ತೆಗೆದು ಡಬ್ಬಿ ಕೊಡುತ್ತ ಮೊಮ್ಮಗಳಿಗೆ ಹೇಳಿದರು: "ಎಂಟ ದಿನ ಕೊಡ್ತೀನಿ. ಅಷ್ಟ್ರಾಗ ಒಮ್ಮಿ ಟಾಕಿ ಹರದ್ರೂ ಡಬ್ಬಿ ತಿಪ್ಪಿಗೆ."

"ಆತು, ಆಯಿ."

ರಾಜಮತಿ ಖಾಲಿ ಎಣ್ಣೆಯ ಡಬ್ಬಿಯ ಬಾಯಿ ಮುಚ್ಚಿ, ಅದಕ್ಕೆ ಉದ್ದನೆಯ ಕಡ್ಡಿ ಕಟ್ಟಿ ಟಾಕಿಯಲ್ಲಿ ತೇಲಬಿಟ್ಟಳು. ನೀರು ಏರಿದರೆ ಡಬ್ಬಿ ಏರುತ್ತದೆ, ಕಡ್ಡಿಯೂ ಏರುತ್ತದೆ. ಕಡ್ಡಿ ಒಂದು ತಗಡಿನ ಪಟ್ಟಿಯನ್ನು ದೂಡಿ ಇನ್ನೊಂದಕ್ಕೆ ತಾಗಿಸುತ್ತದೆ. ಎರಡು ಪಟ್ಟಿ ತಾಗಿದರೆ ಸೆಲ್ಲಿನ ಕರೆಂಟ್ ಹರಿದು ಅಡುಗೆಮನೆಯ ಗೋಡೆಯ ಮೇಲೆ ಗುರಪ್ಪ ಕೊಟ್ಟ ಬಜರು 'ಗುರ್ರ್' ಎನ್ನುತ್ತದೆ. ಮೊದಲ ಸಲ ಕಡ್ಡಿಯನ್ನು ಕೈಯಿಂದ ಎತ್ತಿ ನೋಡಿದಾಗ ಅದು ಕೂಗಲಿಲ್ಲ. ರಾಜಮತಿ ಪ್ರತಿಯೊಂದು ಜೋಡಣೆಯನ್ನೂ ಮುಟ್ಟಿ ನೋಡಿದಳು. ವಾಯರಿನ ತುದಿಯ ಪ್ಲಾಸ್ಟಿಕ್ ಸುಲಿಯದೆ ಹಾಗೇ ಕಟ್ಟಿದ್ದಳು. ಸುಲಿದು ಕಟ್ಟಿದ ಮೇಲೆ ಆ ಬಜರು ಎಷ್ಟು ಜೋರಾಗಿ ಕೂಗಿತೆಂದರೆ, ಲಗಮಣ್ಣನ ಎಮ್ಮೆ ಬೆಚ್ಚಿಬಿದ್ದು ಮೂರು ದಿನ ಎರಡೆರಡು ಹೊತ್ತು ಹೆಚ್ಚಿಗೆ ಹಾಲು ಕೊಟ್ಟಿತಂತೆ.

ಅದೇ ಬಜರಿಗೆ ಇನ್ನೊಂದು ವಾಯರು ಕಟ್ಟಿ, ಅಜ್ಜಿಯ ಮಣೆಯ ಪಕ್ಕದಲ್ಲಿ ಒಂದು ಗುಂಡಿಯನ್ನೂ ಕೂರಿಸಿದಳು.

"ಆಯಿ, ಮಜ್ಜಿಗಿ ಬೇಕಾದ್ರ ಇದನ್ನ ಒತ್ತು. ಮಾತಾಡೂದು ಬ್ಯಾಡ."

"ನಾ ಮುಟ್ಟಾಂಗಿಲ್ಲ ಅದನ್ನ."

ಏಳು ದಿನ ಅವರು ಮುಟ್ಟಲೂ ಇಲ್ಲ. ಏಳು ದಿನವೂ ಟಾಕಿ ತುಂಬುವ ಮುಂಚೆ ಬಜರು ಕೂಗಿತು, ಕಾಶಿಬಾಯಿ ಹೋಗಿ ಮೋಟಾರು ನಿಲ್ಲಿಸಿದಳು.

ಎಂಟನೆಯ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬಜರು ಇದೆಯಲ್ಲ ಎಂದು ಯಾರೂ ಟಾಕಿಯ ಕಡೆ ನೋಡಲಿಲ್ಲ. ಕಮಲಾಬಾಯಿ ಮಾತ್ರ ನೋಡಿದರು. ನೀರು ಅಂಚಿಗೆ ಎರಡು ಬೆರಳು ಕಡಿಮೆ ಇತ್ತು. ಬಜರು ಸುಮ್ಮನಿತ್ತು. ಆಮೇಲೆ ಒಂದು ಬೆರಳು ಕಡಿಮೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಡಬ್ಬಿ ತಿಪ್ಪೆಗೆ. ಗೋಡೆಯಾಚೆ ಲಗಮಣ್ಣ ಹೊಸದಾಗಿ ಹರಡಿದ ಎಲೆ.

ಕಮಲಾಬಾಯಿ ಗುಂಡಿ ಒತ್ತಿದರು. ಬೆರಳು ತೆಗೆಯಲೇ ಇಲ್ಲ.

ಕಾಶಿಬಾಯಿ ಮೋಟಾರು ನಿಲ್ಲಿಸಲು ಓಡಿದಳು, ರಾಜಮತಿ ಟಾಕಿಯ ಹತ್ತಿರ ಓಡಿದಳು. ಒಂದು ಹನಿಯೂ ಆಚೆ ಬೀಳಲಿಲ್ಲ. ನೋಡಿದರೆ ತಗಡಿನ ಪಟ್ಟಿಗೆ ತುಕ್ಕು ಹಿಡಿದಿತ್ತು. ರಾಜಮತಿ ಉಸುಕಿನಿಂದ ತಿಕ್ಕಿದಳು. ಕಡ್ಡಿ ಇನ್ನೂ ಮೇಲೇ ಇತ್ತು; ಪಟ್ಟಿ ತಾಗಿದ ಕೂಡಲೇ ಬಜರು ಮತ್ತೆ ಕೂಗಿತು.

ಕಮಲಾಬಾಯಿ ಊಟ ಮುಗಿಸಿ, ಕೈ ತೊಳೆದು ಬಾಯಿ ಬಿಟ್ಟರು.

"ನಾ ಒತ್ತದಿದ್ರ ಡಬ್ಬಿ ಇವತ್ತ ತಿಪ್ಪ್ಯಾಗ ಇರ್ತಿತ್ತು."

"ಮತ್ತ ಯಾಕ ಒತ್ತಿದಿ, ಆಯಿ?"

"ಲಗಮಣ್ಣನ ತಂಬಾಕ ಏನ್ ಪಾಪ ಮಾಡಿತ್ತು? ಅದೂ ಅಲ್ದ, ನಿನ್ನ ಗುಂಡಿ ನಿಮ್ಮವ್ವಗಿಂತ ಜಲ್ದಿ ನನ್ನ ಮಾತು ತಿಳ್ಕೊಂತೈತಿ."

ಗೋಡೆಯಾಚೆಯಿಂದ ಲಗಮಣ್ಣ ಕೇಳಿದ: "ಬಾಯಾರ, ನಮ್ಮ ಟಾಕಿಗೂ ಒಂದು ಮಾಡಿ ಕೊಡ್ತಾಳೇನ್ರಿ?"

"ಅಕೀನ್ನ ಕೇಳಪಾ. ಆ ಕೆಲಸ ಅಕೀದು."

ಕಮಲಾಬಾಯಿ ಟ್ರಂಕು ತೆಗೆದರು. ತಳದಲ್ಲಿ ತೀರಿಹೋದ ತಮ್ಮ ಯಜಮಾನರ ಹಳೆಯ ಕೈಬ್ಯಾಟರಿ ಇತ್ತು. ಎಷ್ಟೋ ವರ್ಷಗಳಿಂದ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಅದನ್ನು ಮೊಮ್ಮಗಳ ಕೈಗಿಟ್ಟರು.

"ಇದು ಹತ್ತವಲ್ದು. ಬಿಚ್ಚಿ ನೋಡು."

ಅಕ್ಕಂದಿರಾ, ಅಣ್ಣಂದಿರಾ, ನಿಮ್ಮ ಮನೆಯಲ್ಲೂ ಕೆಟ್ಟ ಕೈಬ್ಯಾಟರಿ, ತುಂಡು ವಾಯರು, ಹಳೆಯ ಬಲ್ಬು ಇರುತ್ತವೆ. ಮಕ್ಕಳಿಗೆ ಕೊಡಿರಿ, ಹೆಣ್ಣುಮಕ್ಕಳಿಗೂ ಕೊಡಿರಿ. ಸೆಲ್ಲನ್ನು ಒಡೆಯಬಾರದು, ಅದರ ಎರಡು ತುದಿಗೆ ನಡುವೆ ಬಲ್ಬು ಇಲ್ಲದೆ ಬರೀ ವಾಯರು ಕಟ್ಟಬಾರದು, ಬಿಸಿಯಾಗಿ ಸುಡುತ್ತದೆ. ಗೋಡೆಯ ಸ್ವಿಚ್ಚು, ಮೋಟಾರಿನ ಪೆಟ್ಟಿಗೆ ಮುಟ್ಟಲೇಬಾರದು. ಇಷ್ಟು ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿರಿ. ಮೊದಲ ಸಲ ಹತ್ತದಿದ್ದರೆ ಬೈಯಬೇಡಿರಿ. ಯಾಕೆ ಹತ್ತಲಿಲ್ಲ ಎಂದು ಮಗುವೇ ಹುಡುಕಲಿ. ನೀವು ಬರೀ ಟಾಕಿಯ ಕಡೆ ಒಂದು ಕಣ್ಣಿಡಿರಿ.